ಮಗಳು ‘ಕಾಲೇಜಲ್ಲಿ ಹೀಗಾಯ್ತು’ ಅಂದ್ರೆ ಮೊದಲು ಏನು ಮಾಡ್ಬೇಕು? ಪೋಷಕರು, ಅಂಗಡಿಯವರು ತಿಳಿದಿರಬೇಕಾದ ವಿಷಯ

ನಮ್ಮ ತಾಲೂಕಿನ ಹಳ್ಳಿ ಹಳ್ಳಿಯಿಂದ ದಿನಾ ಬೆಳಗ್ಗೆ ಹೆಣ್ಣುಮಕ್ಕಳು ಬಸ್ ಹತ್ತಿ ಕಾಲೇಜಿಗೆ ಹೋಗುತ್ತಾರೆ. ಕೆಲವರು ಇಲ್ಲೇ ಫಸ್ಟ್ ಗ್ರೇಡ್ ಕಾಲೇಜಿಗೆ, ಇನ್ನು ಕೆಲವರು ಜಿಲ್ಲಾ ಕೇಂದ್ರಕ್ಕೆ, ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಿಗೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಹಿಂದೆ ಪಿಯುಸಿಗೇ ಓದು ನಿಲ್ಲಿಸುತ್ತಿದ್ದ ಮನೆಗಳಿಂದಲೂ ಈಗ ಬಿಕಾಂ, ಬಿಎಸ್ಸಿ, ಎಂಎ ಓದುವ ಮಕ್ಕಳಿದ್ದಾರೆ.

ಈ ಮಕ್ಕಳಿಗೆ ಕ್ಯಾಂಪಸ್ಸಿನಲ್ಲಿ ಲೈಂಗಿಕ ಕಿರುಕುಳವೋ ದೌರ್ಜನ್ಯವೋ ಆದರೆ ಬಹಳ ಜನ ಬಾಯಿ ಬಿಡುವುದಿಲ್ಲ. ಕಾನೂನು ಇಲ್ಲ ಅಂತಲ್ಲ. ಮೊದಲ ಹೆದರಿಕೆ ಒಂದೇ: ‘ಮನೇಲಿ ಹೇಳಿದ್ರೆ ಕಾಲೇಜು ಬಿಡಿಸ್ತಾರೆ’. ಎರಡನೆಯದು, ‘ನೀನ್ಯಾಕೆ ಅಲ್ಲಿಗೆ ಹೋಗಿದ್ದೆ ಅಂತ ನನ್ನನ್ನೇ ಕೇಳ್ತಾರೆ’. ಮೂರನೆಯದು, ‘ಊರಿಗೆಲ್ಲ ಗೊತ್ತಾಗುತ್ತೆ’.

ಹಾಗಾಗಿ ಅವಳು ಮೊದಲು ಯಾರ ಹತ್ತಿರ ಹೇಳುತ್ತಾಳೋ ಅವರು ಏನಂತಾರೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಆ ಮೊದಲ ವ್ಯಕ್ತಿ ಅಮ್ಮ ಆಗಿರಬಹುದು, ಗೆಳತಿ ಆಗಿರಬಹುದು, ಕಾಲೇಜು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯವರೂ ಆಗಿರಬಹುದು. ಈ ಲೇಖನ ಆ ಮೊದಲ ವ್ಯಕ್ತಿಗಾಗಿ.

ಕ್ಯಾಂಪಸ್ ಅಂದರೆ ಕಾಂಪೌಂಡ್ ಮಾತ್ರ ಅಲ್ಲ

‘ಕಾಲೇಜಿನ ಒಳಗೆ ಆಗಿಲ್ಲವಲ್ಲ, ನಮಗೆ ಸಂಬಂಧ ಇಲ್ಲ’ ಅನ್ನುವ ಮಾತು ಪ್ರಿನ್ಸಿಪಾಲರ ಚೇಂಬರ್‌ನಲ್ಲಿ ಕೇಳಿಬರುವುದುಂಟು. ಇದು ತಪ್ಪು.

ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಕೇಂದ್ರದ ಕಾಯ್ದೆ ಬಂತು. ಜನ ಅದನ್ನು ‘ಪಾಶ್ ಕಾಯ್ದೆ’ ಅಂತ ಕರೆಯುತ್ತಾರೆ. ಅದರ ಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗಾಗಿಯೇ 2015ರ ನಿಯಮಾವಳಿ ಮಾಡಿದೆ. ಆ ನಿಯಮದ ಪ್ರಕಾರ ತರಗತಿ, ಲೈಬ್ರರಿ, ಲ್ಯಾಬ್, ಹಾಸ್ಟೆಲ್, ಕ್ಯಾಂಟೀನ್, ಶೌಚಾಲಯ, ಪಾರ್ಕಿಂಗ್ ಎಲ್ಲವೂ ಕ್ಯಾಂಪಸ್. ಕಾಲೇಜು ಬಸ್ ಕೂಡ ಕ್ಯಾಂಪಸ್. ಟೂರ್, ಕ್ಷೇತ್ರ ಕಾರ್ಯ, ಇಂಟರ್ನ್‌ಶಿಪ್, ಕ್ಯಾಂಪ್, ಯುವಜನೋತ್ಸವ, ಕ್ರೀಡಾಕೂಟಕ್ಕೆ ವಿದ್ಯಾರ್ಥಿಯಾಗಿ ಹೋದ ಜಾಗವೂ ಕ್ಯಾಂಪಸ್ಸೇ.

ಕಿರುಕುಳ ಕೊಟ್ಟವನು ಕಾಲೇಜಿನವನೇ ಆಗಿರಬೇಕು ಅಂತಲೂ ಇಲ್ಲ. ಹೊರಗಿನವನು ಕೊಟ್ಟರೂ ಕಾಲೇಜು ಅವಳ ಜೊತೆ ನಿಲ್ಲಬೇಕು. ಹೆಚ್ಚಾಗಿ ತೊಂದರೆ ಆಗುವುದು ಹೆಣ್ಣುಮಕ್ಕಳಿಗೆ. ಆದರೆ ಕೆಲವು ಹುಡುಗರು, ತೃತೀಯ ಲಿಂಗಿ ವಿದ್ಯಾರ್ಥಿಗಳೂ ಇದಕ್ಕೆ ಗುರಿಯಾಗುತ್ತಾರೆ ಅಂತ ಯುಜಿಸಿ ನಿಯಮವೇ ಒಪ್ಪಿಕೊಂಡು, ಅವರ ಪರವಾಗಿಯೂ ಕ್ರಮ ಕೈಗೊಳ್ಳಬೇಕು ಅಂದಿದೆ.

ಯಾವುದು ಅಪರಾಧ?

‘ಹುಡುಗರು ಅಂದ್ಮೇಲೆ ಚುಡಾಯಿಸೋದು ಇದ್ದಿದ್ದೇ’ ಅನ್ನೋ ಕಾಲ ಹೋಯಿತು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಮುಖ್ಯವಾದವು ಇವು:

ಬೇಡದ ರೀತಿ ಮೈ ಮುಟ್ಟುವುದು, ಲೈಂಗಿಕ ಬೇಡಿಕೆ ಇಡುವುದು, ಇಷ್ಟವಿಲ್ಲದಿದ್ದರೂ ಅಶ್ಲೀಲ ವಿಡಿಯೊ ತೋರಿಸುವುದು — ಸೆಕ್ಷನ್ 75, ಮೂರು ವರ್ಷದವರೆಗೆ ಜೈಲು. ಬರೀ ಅಶ್ಲೀಲ ಮಾತಾಡಿದರೂ ಒಂದು ವರ್ಷದವರೆಗೆ ಶಿಕ್ಷೆ ಉಂಟು.

ಬಾತ್‌ರೂಮಿನಲ್ಲೋ ಬಟ್ಟೆ ಬದಲಿಸುವಾಗಲೋ ಕದ್ದು ನೋಡುವುದು, ಚಿತ್ರೀಕರಿಸುವುದು, ಹಂಚುವುದು — ಸೆಕ್ಷನ್ 77, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ.

ಬೇಡ ಅಂದರೂ ಹಿಂದೆ ಹಿಂದೆ ಬರುವುದು, ಮೇಲಿಂದ ಮೇಲೆ ಫೋನ್, ಮೆಸೇಜ್ ಮಾಡುವುದು, ಇನ್‌ಸ್ಟಾಗ್ರಾಂನಲ್ಲಿ ಕಣ್ಣಿಡುವುದು — ಸೆಕ್ಷನ್ 78, ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ.

ಅತ್ಯಾಚಾರಕ್ಕೆ ಸೆಕ್ಷನ್ 64ರಲ್ಲಿ ಕನಿಷ್ಠ ಹತ್ತು ವರ್ಷ, ಜೀವಾವಧಿವರೆಗೂ ಆಗಬಹುದು.

ಇಲ್ಲಿ ಒಂದು ಮಾತು ಗೊತ್ತಿರಲಿ. ‘ಅವಳು ಕೂಗಲಿಲ್ಲ, ಒದ್ದಾಡಲಿಲ್ಲ, ಅಂದ್ರೆ ಒಪ್ಪಿಗೆ ಇತ್ತು’ ಅನ್ನೋದನ್ನು ಕಾನೂನು ಒಪ್ಪುವುದಿಲ್ಲ. ಒಪ್ಪಿಗೆ ಸ್ಪಷ್ಟವಾಗಿ, ಸ್ವಂತ ಇಚ್ಛೆಯಿಂದ ಇರಬೇಕು. ದೈಹಿಕವಾಗಿ ಪ್ರತಿರೋಧ ಒಡ್ಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅಂತ ತಿಳಿಯುವಂತಿಲ್ಲ. ಭಯಕ್ಕೆ ಮೈ ಮರಗಟ್ಟಿ ಹೋಗುವುದು ಸಹಜ.

ಇನ್ನೊಂದು ಮಾತು: ಮಾಡಿದವನು ಅಪರಿಚಿತ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳನ್ನು ನೋಡಿದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ವರ್ಷ ವರ್ಷವೂ ಶೇ. 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನೇ. ಕಾಲೇಜಿನಲ್ಲಾದರೆ ಪರಿಚಯದವನು ಅಂದರೆ ಸಹಪಾಠಿ, ಸೀನಿಯರ್, ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿರುವ ಮೇಷ್ಟ್ರು, ಹಾಸ್ಟೆಲ್ ಸಿಬ್ಬಂದಿ. ದಿನಾ ಮುಖ ನೋಡಬೇಕಾದವರ ಮೇಲೆ ದೂರು ಕೊಡುವುದು ಸುಲಭ ಅಲ್ಲ ಅನ್ನೋದಕ್ಕೆ ಇದೇ ಕಾರಣ.

18 ತುಂಬಿಲ್ಲದಿದ್ದರೆ ಪೋಕ್ಸೊ

ಪಿಯುಸಿ ಮಕ್ಕಳಿಗೆ, ಡಿಗ್ರಿ ಮೊದಲ ವರ್ಷದ ಕೆಲವರಿಗೂ 18 ತುಂಬಿರುವುದಿಲ್ಲ. ಆಗ 2012ರ ಪೋಕ್ಸೊ ಕಾಯ್ದೆ ಅನ್ವಯ. ಇಲ್ಲಿ ವಿಷಯ ಗೊತ್ತಾದವರು ಯಾರೇ ಆಗಿರಲಿ, ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿ ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ‘ಕಾಲೇಜಿನ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ’ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೊದಲ 72 ಗಂಟೆ: ಆಸ್ಪತ್ರೆ ಮೊದಲು

ಅತ್ಯಾಚಾರ ಅಥವಾ ಗಂಭೀರ ದೌರ್ಜನ್ಯ ಆಗಿದ್ದರೆ ದೂರು ಕೊಡಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರುವುದು ಬೇಡ. ಮೊದಲು ಆಸ್ಪತ್ರೆ. ಕಾರಣ ಮೂರು.

ಒಂದು, ಗಾಯಕ್ಕೆ ಚಿಕಿತ್ಸೆ. ಎರಡು, ಎಚ್‌ಐವಿ ತಗುಲದಂತೆ ಕೊಡುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗರ್ಭ ನಿಲ್ಲದಂತೆ ಕೊಡುವ ತುರ್ತು ಮಾತ್ರೆಯೂ ಹಾಗೆಯೇ, ಬೇಗ ತಗೊಂಡಷ್ಟೂ ಕೆಲಸ ಮಾಡುತ್ತದೆ. ಮೂರು, ಸಾಕ್ಷ್ಯ. ಸ್ನಾನ ಮಾಡಿದರೆ, ಬಟ್ಟೆ ಒಗೆದರೆ ಸಾಕ್ಷ್ಯ ಹೋಗುತ್ತದೆ. ಅಂದಿನ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವಕ್ಕೆ ಕೆಡುತ್ತದೆ. ಪೇಪರ್ ಕವರಿನಲ್ಲೋ ನ್ಯೂಸ್ ಪೇಪರಿನಲ್ಲೋ ಸುತ್ತಿ ಹಾಗೇ ತೆಗೆದುಕೊಂಡು ಹೋಗಿ. ಈಗಾಗಲೇ ಸ್ನಾನ ಆಗಿದ್ದರೆ ‘ಇನ್ನೇನು ಪ್ರಯೋಜನ’ ಅಂತ ಬಿಡಬೇಡಿ. ಆಗಲೂ ಹೋಗಬೇಕು.

ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣದ ಸಂತ್ರಸ್ತರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 397 ಇದನ್ನೇ ಹೇಳುತ್ತದೆ. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೇ ಒಂದು ವರ್ಷದವರೆಗೆ ಜೈಲು. ‘ಮೊದಲು ಎಫ್‌ಐಆರ್ ತನ್ನಿ, ಆಮೇಲೆ ನೋಡ್ತೀವಿ’ ಅಂತ ವಾಪಸ್ ಕಳಿಸುವಂತಿಲ್ಲ. ಪೊಲೀಸರಿಗೆ ಮಾಹಿತಿ ಕೊಡುವ ಜವಾಬ್ದಾರಿ ಆಸ್ಪತ್ರೆಯದು.

ವೈದ್ಯಕೀಯ ಪರೀಕ್ಷೆ ಅವಳ ಒಪ್ಪಿಗೆಯಿಂದಲೇ ನಡೆಯಬೇಕು. ‘ಎರಡು ಬೆರಳಿನ ಪರೀಕ್ಷೆ’ ಅಂತ ಹಿಂದೆ ಮಾಡುತ್ತಿದ್ದ ಅವಮಾನಕರ ಪದ್ಧತಿ ಈಗ ಇಲ್ಲ. ಸುಪ್ರೀಂ ಕೋರ್ಟ್ 2013ರಲ್ಲೇ ಅದನ್ನು ತಪ್ಪು ಅಂದಿತ್ತು. 2022ರಲ್ಲಿ, ಇನ್ನು ಮುಂದೆ ಅದನ್ನು ಮಾಡಿದ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಅಂತ ಖಡಕ್ಕಾಗಿ ಹೇಳಿತು. ಈ ಪರೀಕ್ಷೆಯ ಭಯಕ್ಕೇ ಆಸ್ಪತ್ರೆಗೆ ಹೋಗದ ತಾಯಂದಿರು ಇದ್ದಾರೆ. ಅವರಿಗೆ ಈ ವಿಷಯ ಮುಟ್ಟಬೇಕು.

ಠಾಣೆಯಲ್ಲಿ ‘ನಮ್ಮ ಲಿಮಿಟ್ ಅಲ್ಲ’ ಅನ್ನುವಂತಿಲ್ಲ

ಘಟನೆ ಆಗಿದ್ದು ಮೈಸೂರಿನಲ್ಲಿ, ಹುಡುಗಿ ಹೆದರಿ ಊರಿಗೆ ಬಂದುಬಿಟ್ಟಿದ್ದಾಳೆ. ದೂರು ಕೊಡಲು ಮತ್ತೆ ಮೈಸೂರಿಗೇ ಹೋಗಬೇಕಾ? ಬೇಡ. ನಮ್ಮ ತಾಲೂಕಿನ ಠಾಣೆಯಲ್ಲೇ ಕೊಡಬಹುದು. ಇದಕ್ಕೆ ಝೀರೊ ಎಫ್‌ಐಆರ್ ಅಂತಾರೆ. ಇಲ್ಲಿ ದಾಖಲು ಮಾಡಿಕೊಂಡು ಅಲ್ಲಿನ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲಿ ಈಗ ಇದು ಸ್ಪಷ್ಟವಾಗಿ ಬರೆದಿದೆ. ಆನ್‌ಲೈನ್‌ನಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಇಂಥ ಪ್ರಕರಣದಲ್ಲಿ ಹೇಳಿಕೆ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಅತ್ಯಾಚಾರದ ಪ್ರಕರಣದಲ್ಲಿ ತನಿಖೆಯ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ ಪಡೆಯಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ? ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಅತ್ಯಾಚಾರದಂಥ ಅಪರಾಧದ ದೂರು ದಾಖಲಿಸದ ಪೊಲೀಸರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಕೊಡುವ ಕಲಮೂ ಇದೆ.

ತಡವಾಗಿ ಹೋದರೆ ದೂರು ಬಿದ್ದುಹೋಗುತ್ತದೆ ಅಂತ ಹೆದರಬೇಡಿ. ತಡ ಯಾಕಾಯಿತು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೆದರಿಕೆ, ಮರ್ಯಾದೆಯ ಚಿಂತೆ ಅನ್ನೋದು ಕೋರ್ಟುಗಳಿಗೂ ಗೊತ್ತಿರುವ ವಿಷಯ.

ಇನ್ನು ರಾಜಿ ಪಂಚಾಯ್ತಿ. ‘ಎರಡೂ ಮನೆಯವರು ಕೂತು ಮಾತಾಡಿ, ಬೇಕಾದ್ರೆ ಅವನಿಗೇ ಮದುವೆ ಮಾಡಿಬಿಡಿ’ ಅಂತ ಸಲಹೆ ಕೊಡುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅತ್ಯಾಚಾರದ ಪ್ರಕರಣದಲ್ಲಿ ಯಾವ ಸಂದರ್ಭದಲ್ಲೂ ರಾಜಿ ಅನ್ನೋ ಮಾತೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಕಾಲೇಜಿನ ಆಂತರಿಕ ಸಮಿತಿ ಯಾಕೆ ಬೇಕು?

ಎಲ್ಲ ಕಿರುಕುಳಕ್ಕೂ ಪೊಲೀಸ್ ಠಾಣೆಗೇ ಹೋಗಬೇಕು ಅಂತಿಲ್ಲ. ಹಾಗಂತ ಸುಮ್ಮನಿರಬೇಕು ಅಂತಲೂ ಇಲ್ಲ. ಪ್ರತಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಪಾಶ್ ಕಾಯ್ದೆಯಲ್ಲಿ ಸಮಿತಿ ಮಾಡದವರಿಗೆ 50,000 ರೂಪಾಯಿವರೆಗೆ ದಂಡ ಇದೆ. ಪೊಲೀಸ್ ದೂರು, ಸಮಿತಿಗೆ ದೂರು ಎರಡನ್ನೂ ಒಟ್ಟಿಗೆ ಕೊಡಬಹುದು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಸಮಿತಿಗೆ ಹಿರಿಯ ಮಹಿಳಾ ಅಧ್ಯಾಪಕರು ಅಧ್ಯಕ್ಷರು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ಅರ್ಧದಷ್ಟಾದರೂ ಮಹಿಳೆಯರೇ ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ದೊಡ್ಡ ಹುದ್ದೆಯವರು ಇದರಲ್ಲಿ ಇರುವಂತಿಲ್ಲ. ಅಧಿಕಾರದಲ್ಲಿರುವವರ ಮೇಲೂ ದೂರು ಬರಬಹುದು, ಆಗ ಅವರೇ ತೀರ್ಪು ಕೊಡಬಾರದು ಅನ್ನುವುದು ಇದರ ಉದ್ದೇಶ.

ದಿನಗಳ ಲೆಕ್ಕ ಹೀಗಿದೆ. ಘಟನೆ ಆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ದೂರಿನ ಪ್ರತಿ ಏಳು ದಿನದೊಳಗೆ ಆರೋಪಿತನಿಗೆ ಹೋಗಬೇಕು. ಅವನು ಹತ್ತು ದಿನದೊಳಗೆ ಉತ್ತರ ಕೊಡಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಬರೆಯಲು ಬಾರದಿದ್ದರೆ ಸಮಿತಿಯವರೇ ಸಹಾಯ ಮಾಡಬೇಕು. ಅವಳು ದೂರು ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಗೆಳತಿ, ಸಂಬಂಧಿಕರು ಕೊಡಬಹುದು.

ಈಗ ಮನೆಯವರು ಗಮನವಿಟ್ಟು ಓದಬೇಕಾದ ಭಾಗ. ದೂರು ಕೊಟ್ಟ ಮೇಲೆ ‘ಅದೇ ಕ್ಲಾಸಿನಲ್ಲಿ ಅವನ ಎದುರು ಹೇಗೆ ಕೂರ್ತಾಳೆ, ಕಾಲೇಜು ಬಿಡಿಸೋದೇ ವಾಸಿ’ ಅಂತ ಅನ್ನಿಸುತ್ತದೆ. ಬಿಡಿಸುವ ಅಗತ್ಯವೇ ಇಲ್ಲದಂತೆ ನಿಯಮದಲ್ಲಿ ದಾರಿ ಇದೆ. ವಿಚಾರಣೆ ನಡೆಯುವಾಗಲೇ ಅವನನ್ನೋ, ಅವಳು ಬಯಸಿದರೆ ಅವಳನ್ನೋ ಬೇರೆ ವಿಭಾಗಕ್ಕೆ ಹಾಕಬಹುದು. ಅವಳಿಂದ ದೂರ ಇರು ಅಂತ ಅವನಿಗೆ ಎಚ್ಚರಿಕೆ ಕೊಡಬಹುದು, ಕ್ಯಾಂಪಸ್ಸಿಗೇ ಬರದಂತೆ ತಡೆಯಬಹುದು. ಆರೋಪ ಇರುವುದು ಮೇಷ್ಟ್ರ ಮೇಲಾದರೆ ಅವಳ ಪೇಪರ್ ತಿದ್ದುವುದು, ಮಾರ್ಕ್ಸ್ ಕೊಡುವುದು ಅವರ ಕೈಯಲ್ಲಿ ಇರದಂತೆ ಮಾಡಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಓದಿಗೆ ತೊಂದರೆ ಆಗದಂತೆ. ಇದೆಲ್ಲವನ್ನೂ ದೂರಿನಲ್ಲೇ ಬರೆದು ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಆರೋಪ ಸಾಬೀತಾದರೆ ವಿದ್ಯಾರ್ಥಿಗೆ ಹಾಸ್ಟೆಲ್, ಸ್ಕಾಲರ್‌ಶಿಪ್ ನಿಲ್ಲಿಸುವುದರಿಂದ ಹಿಡಿದು ಅಮಾನತು, ಕಾಲೇಜಿನಿಂದ ಹೊರಹಾಕುವವರೆಗೂ ಶಿಕ್ಷೆ ಇದೆ. ಇಬ್ಬರೂ ಮಾತಾಡಿ ಬಗೆಹರಿಸಿಕೊಳ್ಳಲು ಅವಕಾಶ ಇದೆ, ಆದರೆ ಅದನ್ನು ಕೇಳಬೇಕಾದವಳು ದೂರುದಾರಳೇ. ದುಡ್ಡು ಕೊಟ್ಟು ಮುಗಿಸುವಂತಿಲ್ಲ.

ಗೋವಾ ವಿಶ್ವವಿದ್ಯಾಲಯದ ಪ್ರಕರಣ ಹೇಳುವ ಪಾಠ

ಸಮಿತಿ ಹೆಸರಿಗೆ ಇದ್ದರೆ ಸಾಲದು, ಕೆಲಸ ಗೊತ್ತಿರಬೇಕು. 2009ರಲ್ಲಿ ಗೋವಾ ವಿಶ್ವವಿದ್ಯಾಲಯದ ಒಬ್ಬ ವಿಭಾಗ ಮುಖ್ಯಸ್ಥರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿ ಗಡಿಬಿಡಿಯಲ್ಲಿ ವಿಚಾರಣೆ ಮುಗಿಸಿತು, ಅವರನ್ನು ಕೆಲಸದಿಂದ ತೆಗೆಯಲಾಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2023ರ ಮೇ 12ರಂದು ತೀರ್ಪು ಬಂತು. ಆರೋಪಿತನಿಗೆ ತನ್ನ ವಾದ ಹೇಳಲು ಸರಿಯಾದ ಅವಕಾಶ ಕೊಟ್ಟಿಲ್ಲ ಅಂತ ಕೋರ್ಟು ಹಳೆಯ ಆದೇಶ ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ವಾಪಸ್ ಕಳಿಸಿತು. ಆಗಲೇ 14 ವರ್ಷ ಕಳೆದಿತ್ತು.

‘ಸುಳ್ಳು ದೂರು ಕೊಟ್ರೆ ಏನ್ಮಾಡೋದು?’ ಅಂತ ಕೇಳುವವರಿಗೂ ಇದರಲ್ಲಿ ಉತ್ತರ ಇದೆ. ಆರೋಪಿತನ ಮಾತು ಕೇಳದೆ ಶಿಕ್ಷೆ ಕೊಡುವಂತಿಲ್ಲ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಕ್ರಮ ಕೈಗೊಳ್ಳುವ ಅವಕಾಶವೂ ನಿಯಮದಲ್ಲಿದೆ. ಆದರೆ ಸಾಬೀತು ಮಾಡಲು ಆಗಲಿಲ್ಲ ಅನ್ನುವ ಮಾತ್ರಕ್ಕೆ ದೂರು ಸುಳ್ಳು ಅಂತ ಆಗುವುದಿಲ್ಲ. ಗಡಿಬಿಡಿಯ ವಿಚಾರಣೆಯಿಂದ ಇಬ್ಬರಿಗೂ ಅನ್ಯಾಯವೇ.

ಇದೇ ಪ್ರಕರಣದ ಮುಂದುವರಿಕೆಯಾಗಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಗೆ ಒಬ್ಬ ಜಿಲ್ಲಾ ಅಧಿಕಾರಿ, ಅವರ ಕೆಳಗೆ ತಾಲೂಕು ಮಟ್ಟದಲ್ಲಿ ನೋಡಲ್ ಅಧಿಕಾರಿ ಇರಬೇಕು ಅಂತ ಎಲ್ಲ ರಾಜ್ಯಗಳಿಗೂ ಸೂಚಿಸಿತು. ನಮ್ಮ ತಾಲೂಕಿನಲ್ಲಿ ಅವರು ಯಾರು ಅಂತ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬಹುದು.

‘ಆರೂವರೆ ಮೇಲೆ ಹೊರಗೆ ಬರಬೇಡಿ’ ಅಂದರೆ ಸಾಕಾ?

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಮೇಲೆ ಮೈಸೂರು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ಮಾನಸಗಂಗೋತ್ರಿ ಆವರಣದಲ್ಲಿ ವಿದ್ಯಾರ್ಥಿನಿಯರು ಒಬ್ಬಂಟಿಯಾಗಿ ಓಡಾಡಬಾರದು. ತಪ್ಪು ಮಾಡಿದವರನ್ನು ಬಿಟ್ಟು ಹುಡುಗಿಯರನ್ನೇ ಕೂಡಿಹಾಕುವುದಾ ಅಂತ ಟೀಕೆ ಬಂತು. ವಿಶ್ವವಿದ್ಯಾಲಯ ಸುತ್ತೋಲೆ ವಾಪಸ್ ತೆಗೆದುಕೊಂಡಿತು.

ಮನೆಯವರ ಆತಂಕ ಅರ್ಥವಾಗುವಂಥದ್ದೇ. ಆದರೆ ಹುಡುಗಿಯನ್ನು ಒಳಗೆ ಕೂರಿಸಿದರೆ ಸುರಕ್ಷಿತ ಅನ್ನುವ ಲೆಕ್ಕ ತಪ್ಪುತ್ತದೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕೊಲೆಯಾಗಿ ಸಿಕ್ಕ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ ಎಲ್ಲೂ ಹೊರಗೆ ಹೋಗಿರಲಿಲ್ಲ. ರಾತ್ರಿ ಡ್ಯೂಟಿಯಲ್ಲಿ ಆಸ್ಪತ್ರೆಯ ಒಳಗೇ, ಸೆಮಿನಾರ್ ಹಾಲ್‌ನಲ್ಲಿದ್ದಳು. ಶಿಕ್ಷೆಯಾದವನು ಪೊಲೀಸರಿಗೆ ನೆರವಾಗಲು ನೇಮಕಗೊಂಡಿದ್ದ ಸ್ವಯಂಸೇವಕ, ಆಸ್ಪತ್ರೆಗೆ ಸಲೀಸಾಗಿ ಬಂದುಹೋಗುತ್ತಿದ್ದವನು.

ಹಾಗಾದರೆ ಏನು ಕೇಳಬೇಕು? ಹಾಸ್ಟೆಲಿನಿಂದ ಬಸ್ ನಿಲ್ದಾಣದವರೆಗೆ ಬೀದಿ ದೀಪ ಉರಿಯುತ್ತಾ? ಲ್ಯಾಬ್ ಮುಗಿಯುವ ಹೊತ್ತಿಗೆ ಊರಿಗೆ ಬಸ್ ಇದೆಯಾ? ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಕ್ಯಾಮೆರಾ ಬರೀ ಗೋಡೆ ಮೇಲೆ ಇದೆಯಾ, ರೆಕಾರ್ಡ್ ಆಗುತ್ತಾ? ಆಂತರಿಕ ಸಮಿತಿಯವರ ಹೆಸರು, ಫೋನ್ ನಂಬರ್ ನೋಟಿಸ್ ಬೋರ್ಡಿನಲ್ಲಿ ಇದೆಯಾ? ಪೋಷಕರ ಸಭೆಯಲ್ಲಿ, ಪುರಸಭೆ ವಾರ್ಡ್ ಸದಸ್ಯರ ಹತ್ತಿರ, ಡಿಪೊ ಮ್ಯಾನೇಜರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಇವು.

ಅಂಗಡಿಯವರು ಏನು ಮಾಡಬಹುದು?

ಕಾಲೇಜು ಗೇಟಿನ ಎದುರು ಟೀ ಅಂಗಡಿ, ಬೇಕರಿ, ಝೆರಾಕ್ಸ್, ಮೊಬೈಲ್ ಅಂಗಡಿ, ಮೆಡಿಕಲ್ ಶಾಪ್ ಇದ್ದೇ ಇರುತ್ತವೆ. ಯಾರು ದಿನಾ ಬೈಕಿನಲ್ಲಿ ಬಂದು ಗೇಟಿನ ಹತ್ತಿರ ನಿಲ್ಲುತ್ತಾನೆ ಅಂತ ಪ್ರಿನ್ಸಿಪಾಲರಿಗಿಂತ ಮೊದಲು ಗೊತ್ತಾಗುವುದು ಅಂಗಡಿಯವರಿಗೆ.

ಹುಡುಗಿಯೊಬ್ಬಳು ಹೆದರಿಕೊಂಡು ಅಂಗಡಿಗೆ ಬಂದರೆ ಒಳಗೆ ಕೂರಿಸಿ, ನೀರು ಕೊಡಿ. ‘ಏನಾಯ್ತು, ಯಾರು, ಯಾಕೆ’ ಅಂತ ಹತ್ತು ಪ್ರಶ್ನೆ ಬೇಡ. ‘ಯಾರಿಗೆ ಫೋನ್ ಮಾಡ್ಲಿ ಹೇಳಮ್ಮ’ ಅನ್ನೋದು ಸಾಕು. ಜನ ಸೇರಿಸಬೇಡಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ, ಗಾಡಿ ನಂಬರ್ ಬರೆದಿಟ್ಟುಕೊಳ್ಳಿ. ಆರೋಪಿ ಕೈಗೆ ಸಿಕ್ಕರೂ ಹೊಡೆಯುವುದು ಬೇಡ. ಹೊಡೆದರೆ ನಿಮ್ಮ ಮೇಲೇ ಕೇಸ್ ಆಗುತ್ತದೆ, ಅವಳ ಕೇಸೂ ದಾರಿ ತಪ್ಪುತ್ತದೆ.

ಅಂಗಡಿಯ ಸಿಸಿಟಿವಿ ದೃಶ್ಯ ದೊಡ್ಡ ಸಾಕ್ಷ್ಯ. ಡಿವಿಆರ್ ತುಂಬಿದಂತೆ ಹಳೆಯದು ತಾನಾಗೇ ಅಳಿಸಿ ಹೋಗುತ್ತದೆ. ಹಾಗಾಗಿ ವಿಷಯ ಗೊತ್ತಾದ ದಿನವೇ ಪೊಲೀಸರಿಗೆ ತಿಳಿಸಿ, ದೃಶ್ಯ ಉಳಿಸಿಡಿ. ವಾಟ್ಸ್ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಅತ್ಯಾಚಾರ ಪ್ರಕರಣದ ಸಂತ್ರಸ್ತೆಯ ಹೆಸರು, ಫೋಟೊ, ಗುರುತು ಸಿಗುವಂಥ ಯಾವುದೇ ವಿವರ ಹಂಚಿದರೆ ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ ಎರಡು ವರ್ಷದವರೆಗೆ ಜೈಲು. ‘ನ್ಯಾಯ ಸಿಗಲಿ’ ಅಂತ ಫೋಟೊ ಹಾಕಿದವರಿಗೂ ಇದು ಅನ್ವಯ.

ರೀಚಾರ್ಜ್‌ಗೆ ಕೊಟ್ಟ ನಂಬರ್, ರಿಪೇರಿಗೆ ಕೊಟ್ಟ ಮೊಬೈಲ್, ಝೆರಾಕ್ಸ್‌ಗೆ ಕೊಟ್ಟ ಆಧಾರ್ ಕಾರ್ಡ್ ಇವೆಲ್ಲ ನಂಬಿಕೆ ಮೇಲೆ ಕೊಟ್ಟದ್ದು. ಅಂಗಡಿ ಹುಡುಗ ಆ ನಂಬರ್ ಯಾರಿಗೋ ಕೊಟ್ಟರೆ ಅಲ್ಲಿಂದಲೇ ಕಾಟ ಶುರುವಾಗುತ್ತದೆ. ನಿಮ್ಮ ಹುಡುಗರಿಗೆ ಈ ಮಾತು ಖಡಾಖಂಡಿತವಾಗಿ ಹೇಳಿಡಿ. ಮೆಡಿಕಲ್ ಶಾಪಿನವರು ತುರ್ತು ಮಾತ್ರೆ ಕೇಳಿದ ಹುಡುಗಿಯನ್ನು ಕಣ್ಣರಳಿಸಿ ನೋಡುವುದನ್ನು, ಮನೆಯವರಿಗೆ ಸುದ್ದಿ ಮುಟ್ಟಿಸುವುದನ್ನು ಬಿಡಬೇಕು.

ನಿಮ್ಮ ಅಂಗಡಿಯಲ್ಲೇ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರೆ? ಕಾಲೇಜು ಮುಗಿಸಿ ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವ ವಿದ್ಯಾರ್ಥಿನಿಯರೂ ಇದ್ದಾರೆ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಅಂಗಡಿಯಲ್ಲೇ ಆಂತರಿಕ ಸಮಿತಿ ಮಾಡಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ತಾಲೂಕಿನ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದೊಳಗೆ ಅಲ್ಲಿಗೆ ಕಳಿಸಬೇಕು.

ಮನೆಯಲ್ಲಿ ಏನು ಹೇಳಬೇಕು?

ಮಗಳು ಬಾಯಿ ಬಿಟ್ಟರೆ ಮೊದಲು ಹೇಳಬೇಕಾದ ಮಾತು ಮೂರು: ‘ನಿನ್ನ ಮಾತು ನಂಬ್ತೀನಿ. ತಪ್ಪು ನಿಂದಲ್ಲ. ನಿನ್ನ ಓದು ನಿಲ್ಲಲ್ಲ.’ ಮೂರನೆಯ ಮಾತನ್ನು ಘಟನೆ ಆಗುವವರೆಗೆ ಕಾಯದೆ ಈಗಲೇ ಹೇಳಿಡಿ. ಆ ಭರವಸೆ ಇದ್ದವಳು ಮೊದಲ ಅಶ್ಲೀಲ ಮೆಸೇಜ್ ಬಂದಾಗಲೇ ಹೇಳುತ್ತಾಳೆ. ಇಲ್ಲದವಳು ಕೊನೆಯವರೆಗೂ ಮುಚ್ಚಿಡುತ್ತಾಳೆ. ಕಾಟ ಕೊಡುವವನಿಗೂ ಇದು ಗೊತ್ತು. ‘ಮನೇಲಿ ಹೇಳಿದ್ರೆ ನಿನ್ನ ಕಾಲೇಜೇ ಹೋಗುತ್ತೆ’ ಅನ್ನೋದೇ ಅವನು ಹಾಕುವ ಬೆದರಿಕೆ.

ಮೆಸೇಜ್, ಕರೆಗಳ ಪಟ್ಟಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ, ಸಮಯ, ಜಾಗ, ಜೊತೆಗಿದ್ದವರ ಹೆಸರು ಒಂದು ಹಾಳೆಯಲ್ಲಿ ಬರೆದಿಡಿ. ಏನು ಮಾಡಬೇಕು ಅಂತ ಅವಳನ್ನೂ ಕೇಳಿ, ಅವಳನ್ನು ಬಿಟ್ಟು ತೀರ್ಮಾನ ಬೇಡ.

ಗಂಡುಮಕ್ಕಳ ತಂದೆ ತಾಯಿಗೂ ಒಂದು ಮಾತು. ‘ಇಲ್ಲ’ ಅಂದರೆ ಇಲ್ಲ ಅಂತ ಮಗನಿಗೆ ಮನೆಯಲ್ಲೇ ಹೇಳಿಕೊಟ್ಟರೆ ಮುಂದೆ ಠಾಣೆಯಲ್ಲಿ ಪೊಲೀಸರು ಹೇಳಿಕೊಡುವುದು ತಪ್ಪುತ್ತದೆ.

ಈ ನಂಬರ್‌ಗಳು ಮೊಬೈಲಿನಲ್ಲಿ ಇರಲಿ

112 — ಪೊಲೀಸ್, ಎಲ್ಲ ತುರ್ತು ಸಂದರ್ಭಕ್ಕೆ
181 — ಮಹಿಳಾ ಸಹಾಯವಾಣಿ
1098 — 18 ವರ್ಷದೊಳಗಿನ ಮಕ್ಕಳಿಗೆ
1930 — ಸೈಬರ್ ಅಪರಾಧ ಸಹಾಯವಾಣಿ
15100 — ಕಾನೂನು ಸೇವಾ ಪ್ರಾಧಿಕಾರ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಂತ್ರಸ್ತರ ಪರಿಹಾರಕ್ಕೂ ಜಿಲ್ಲಾ ಪ್ರಾಧಿಕಾರಕ್ಕೇ ಅರ್ಜಿ ಕೊಡಬೇಕು.

ಜಿಲ್ಲಾ ಕೇಂದ್ರದ ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತ ಸಮಾಲೋಚನೆ, ತಾತ್ಕಾಲಿಕ ವಸತಿ ಎಲ್ಲಕ್ಕೂ ಒಂದೇ ಕಡೆ ಸಹಾಯ ಸಿಗುತ್ತದೆ. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ.

ಕಾಲೇಜಿನ ಹತ್ತಿರ ಅಂಗಡಿ ಇರುವವರು ಈ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೌಂಟರಿನ ಪಕ್ಕ ಅಂಟಿಸಿದರೆ ಒಂದು ರೂಪಾಯಿಯ ಖರ್ಚೂ ಇಲ್ಲ. ಕೇಳಲು ನಾಚಿಕೆಪಡುವ ಹುಡುಗಿ ಸುಮ್ಮನೆ ಓದಿಕೊಂಡು ಹೋಗುತ್ತಾಳೆ.